ಹೂವಿನ ಉದ್ಯೋಗದ ತರಬೇತು
(ವಿಜಯಪುರ, ತಿಕೋಟಾ ಹಾಗೂ ಬಬಲೇಶ್ವರ ಭಾಗದ ಗ್ರಾಮ ಪ್ರಮುಖರಿಗೂ ಭೂಮಾಲಕರಿಗೂ)

ಭೂಮಿಯನ್ನು ಉತ್ತು ಬೆಳೆ ತೆಗೆಯುವದು ಒಂದು ವಿದ್ಯೆ. ಬೆಳೆದುದನ್ನು ಕೊಳ್ಳುವವನ ಕೈಗೆ ಸುಸ್ಥಿತಿಯಲ್ಲಿ ಮುಟ್ಟಿಸಿ ಯೋಗ್ಯ ಬೆಲೆಯನ್ನು ಪಡೆಯುವದು ಇನ್ನೊಂದು ವಿದ್ಯೆ. ಜೋಳ, ಕಡಲೆಗಳ ವಿಷಯದಲ್ಲಿ ಈ ಎರಡನೆಯ ವಿದ್ಯೆಯನ್ನು ಚೆನ್ನಾಗಿ ಅರಿಯದವನೂ ಹೇಗೋ ನಿಭಾಯಿಸಬಲ್ಲನು. ಏಕೆಂದರೆ ಕಾಳು ಹಗೇವಿನಲ್ಲಾಗಲಿ ಚೀಲದಲ್ಲಾಗಲಿ ತಿಂಗಳುಗಟ್ಟಲೆ ಕಾಯುವದು. ಹೂವು ಹಾಗಲ್ಲ. ಬೆಳಗಿನಲ್ಲಿ ಬಿಡಿಸಿದ ಮಲ್ಲಿಗೆಯು ಮರುದಿನಕ್ಕೆ ಕಸವಾಗುವದು. ಆದುದರಿಂದ ಹೂವಿನ ಉದ್ಯೋಗದಲ್ಲಿ ಮೊದಲು ತರಬೇತು, ಆಮೇಲೆ ಅಂಗಡಿ, ಅದರ ತರುವಾಯ ಹೊಲದಲ್ಲಿ ಹೂಗಿಡ ಎಂಬ ಕ್ರಮವೇ ಕ್ಷೇಮಕರವಾದುದು. ಅನೇಕರು ಈ ಕ್ರಮವನ್ನು ತಿರುವುಮುರುವು ಮಾಡಿ, ಮೊದಲು ಎಕರೆಗಟ್ಟಲೆ ಚೆಂಡು ಹೂವು ನೆಟ್ಟು, ಕಡೆಗೆ ಕೊಳ್ಳುವವರನ್ನು ಹುಡುಕುತ್ತ ಹೊರಡುವರು. ಇದರಿಂದ ಹಾನಿಯಾಗುವದು ಸಹಜವೇ ಸರಿ.

1. ಉದ್ಯೋಗದ ಹಿನ್ನೆಲೆ

ಈ ಭಾಗದಲ್ಲಿ ಹೂವಿನ ಕಸಬು ಹೊಸದಲ್ಲ. ಎರಡನೆಯ ಇಬ್ರಾಹಿಂ ಆದಿಲಶಾಹನ (1580–1627) ಕಾಲದಲ್ಲಿ ವಿಜಯಪುರದ ಆಸ್ಥಾನವು ಸುಗಂಧಪ್ರಿಯವಾಗಿದ್ದಿತು. ಅವನಿಗೆ ಅರ್ಪಿತವಾದ ‘ಇತ್ರ್-ಎ-ನೌರಸ್ ಶಾಹಿ’ ಎಂಬ ಪಾರಸಿ ಗ್ರಂಥವು ಪರಿಮಳ ದ್ರವ್ಯಗಳ ತಯಾರಿಕೆಯನ್ನೇ ಕುರಿತುದಾಗಿದೆ. ಹಳ್ಳಿಗಳಲ್ಲಿಯಾದರೋ ಹೂಗಾರರ ಮನೆತನಗಳು ತಲೆತಲಾಂತರದಿಂದ ಗುಡಿಗೂ ಮನೆಗಳಿಗೂ ಪತ್ರಿ-ಪುಷ್ಪಗಳನ್ನು ಒದಗಿಸುತ್ತ, ಮದುವೆಗೆ ಬಾಸಿಂಗ, ದಂಡೆಗಳನ್ನು ಕಟ್ಟುತ್ತ ಬಂದಿವೆ. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯವನ್ನು ಒಯ್ಯುವ ಪದ್ಧತಿಯು ಅವರ ಸಂಬಳವಾಗಿದ್ದಿತು.

ಈಗ ಈ ಕಸಬಿನ ವಿಸ್ತಾರವು ಹೆಚ್ಚಿದೆ. ಗುಡಿಯ ಮಾಲೆ, ದರ್ಗಾದ ಹೂವಿನ ಚಾದರ, ಮುಸಲ್ಮಾನರ ಮದುವೆಯ ಸೆಹರಾ ಇವುಗಳ ಜೊತೆಗೆ ಮಂಟಪದ ಅಲಂಕಾರ, ಸಭೆಯ ಹೂಗುಚ್ಛ, ಕಾರಿನ ಶೃಂಗಾರ, ಶಾಲೆ-ಬ್ಯಾಂಕುಗಳ ಸಮಾರಂಭ ಮೊದಲಾದವು ಸೇರಿವೆ. ಅಲಂಕಾರಕ್ಕೆ ಉಪಯೋಗಿಸುತ್ತಿದ್ದ ಥರ್ಮೋಕೋಲನ್ನು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧಿಸಲಾಗಿದೆ. ಆ ಸ್ಥಳವನ್ನು ಪ್ಲಾಸ್ಟಿಕ್ ಹೂವು ಆಕ್ರಮಿಸುವದೋ ನಿಜವಾದ ಹೂವು ತುಂಬುವದೋ ಎಂಬದು ಕಲಿತ ಕೈಗಳ ಸಂಖ್ಯೆಯನ್ನು ಅವಲಂಬಿಸಿದೆ.

2. ಕಲಿಯತಕ್ಕ ವಿಷಯಗಳು

ಹೂವಿನ ಉದ್ಯೋಗವೆಂದರೆ ಮಾಲೆ ಕಟ್ಟುವದಷ್ಟೇ ಎಂಬ ತಿಳುವಳಿಕೆಯು ಅಪೂರ್ಣವಾದುದು. ಕಲಿಯುವವನಿಗೆ ನಾಲ್ಕು ಅಂಗಗಳು ಅವಶ್ಯವಾಗಿ ಗೊತ್ತಿರಬೇಕು.

(ಅ) ಹೂವಿನ ಪರೀಕ್ಷೆ: ಯಾವ ಹೂವನ್ನು ಯಾವ ಹಂತದಲ್ಲಿ ಕೊಯ್ಯಬೇಕೆಂಬದು ಮೊದಲ ಪಾಠ. ಚೆಂಡು ಹೂವು ಪೂರ್ಣ ಅರಳಿರಬೇಕು. ಮಲ್ಲಿಗೆಯು ಬಲಿತ ಮೊಗ್ಗಾಗಿದ್ದು ಇನ್ನೂ ಬಿರಿದಿರಬಾರದು. ದಂಟಿನ ಗುಲಾಬಿಯ ಹೊರಗಿನ ಒಂದೆರಡು ಎಸಳು ಮಾತ್ರ ಸಡಿಲಿರಬೇಕು. ಗ್ಲಾಡಿಯೋಲಸ್ ದಂಟಿನಲ್ಲಿ ಕೆಳಗಿನ ಒಂದೆರಡು ಮೊಗ್ಗು ಬಣ್ಣ ತೋರಿದರೆ ಸಾಕು. ಸುಗಂಧರಾಜದ ದಂಟನ್ನು ಕೆಳಗಿನ ಎರಡು ಮೂರು ಹೂವು ಅರಳಿದಾಗ ಕೊಯ್ಯುವದು ಉತ್ತಮ.

(ಆ) ಹೂವಿನ ರಕ್ಷಣೆ: ಬೇಸಿಗೆಯಲ್ಲಿ ಈ ಜಿಲ್ಲೆಯ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸನ್ನು ಮೀರುವದು. ಆದುದರಿಂದ ಕೊಯ್ಲನ್ನು ನಸುಕಿನಲ್ಲಿಯೇ ಮುಗಿಸಿ, ಹೂವನ್ನು ಕೂಡಲೆ ನೆರಳಿಗೆ ತರತಕ್ಕದ್ದು. ದಂಟಿನ ಹೂವನ್ನು ಹರಿತವಾದ ಚಾಕುವಿನಿಂದ ಓರೆಯಾಗಿ ಕೊಯ್ದು, ನೀರಿನಲ್ಲಿ ಮುಳುಗುವ ಎಲೆಗಳನ್ನು ತೆಗೆದು, ಶುಭ್ರವಾದ ಬಕೆಟ್ಟಿನಲ್ಲಿ ನಿಲ್ಲಿಸಬೇಕು. ಒಂದು ಲೀಟರ್ ನೀರಿಗೆ 20 ಗ್ರಾಂ ಸಕ್ಕರೆ, ಕಾಲು ಗ್ರಾಮಿನಷ್ಟು ಸಿಟ್ರಿಕ್ ಆಮ್ಲ, ಬ್ಲೀಚಿಂಗ್ ಪುಡಿಯ ತಿಳಿನೀರಿನ ಕೆಲವು ಹನಿ ಸೇರಿಸಿದರೆ ಹೂವು ಹೆಚ್ಚು ಬಾಳುವದು. ಸಕ್ಕರೆಯು ಹೂವಿಗೆ ಆಹಾರ. ಆಮ್ಲವು ನೀರು ದಂಟಿನಲ್ಲಿ ಸರಾಗವಾಗಿ ಏರುವಂತೆ ಮಾಡುವದು. ಬ್ಲೀಚಿಂಗ್ ನೀರು ದಂಟಿನ ಬಾಯಿ ಕಟ್ಟುವ ಸೂಕ್ಷ್ಮಜೀವಿಗಳನ್ನು ಕೊಲ್ಲುವದು. ಬರೀ ಸಕ್ಕರೆ ಹಾಕಿದರೆ ಆ ಜೀವಿಗಳೇ ಬೆಳೆದು ಹೂವು ಬೇಗ ಬಾಡುವದು. ನೀರನ್ನು ದಿನಾಲು ಬದಲಿಸಬೇಕು. ಡೋಣಿಯ ಸಾಲಿನ ಸವಳು ಬಾವಿಗಳ ನೀರು ಇದಕ್ಕೆ ಒಳ್ಳೆಯದಲ್ಲ. ಮಳೆಯ ನೀರನ್ನಾಗಲಿ ಶುದ್ಧೀಕರಿಸಿದ ನೀರನ್ನಾಗಲಿ ಉಪಯೋಗಿಸಬೇಕು.

ಜರ್ಬೆರಾದ ದಂಟು ಟೊಳ್ಳಾದುದರಿಂದ ಆಳವಾದ ನೀರಿನಲ್ಲಿ ಕೊಳೆಯುವದು. ನಾಲ್ಕು ಬೆರಳಿನಷ್ಟು ನೀರು ಸಾಕು. ಗ್ಲಾಡಿಯೋಲಸನ್ನು ಮಲಗಿಸಿ ಇಟ್ಟರೆ ತುದಿಯು ಮೇಲಕ್ಕೆ ಬಾಗಿ ದಂಟು ಡೊಂಕಾಗುವದು; ಆದ್ದರಿಂದ ನಿಲ್ಲಿಸಿಯೇ ಇಡಬೇಕು. ಚೆಂಡು ಹೂವನ್ನು ತೋಯಿಸಿ ಬುಟ್ಟಿಯಲ್ಲಿ ಒತ್ತಿ ತುಂಬಿದರೆ ಒಳಗೆ ಕಾವೇರಿ ಕೊಳೆಯುವದು. ಮಾಗಿದ ಬಾಳೆಹಣ್ಣು, ಮಾವಿನಹಣ್ಣುಗಳನ್ನು ಹೂವಿನ ಕೋಣೆಯಲ್ಲಿ ಎಂದೂ ಇಡಬಾರದು; ಅವುಗಳಿಂದ ಹೊರಡುವ ಎಥಿಲೀನ್ ಎಂಬ ಅನಿಲವು ಕಾರ್ನೇಶನ್ ಮೊದಲಾದ ಹೂವುಗಳನ್ನು ಅಕಾಲದಲ್ಲಿ ಮುದುಡಿಸುವದು. ಹಣ್ಣನ್ನೂ ಹೂವನ್ನೂ ಒಂದೇ ಅಂಗಡಿಯಲ್ಲಿ ಮಾರುವವರು ಇದನ್ನು ಅವಶ್ಯ ಲಕ್ಷಿಸಬೇಕು.

(ಇ) ಕೈಗೆಲಸ: ಬಾಳೆಯ ನಾರಿನಲ್ಲಿ ಕಟ್ಟುವದು, ಸೂಜಿಯಿಂದ ಪೋಣಿಸುವದು, ದಂಡೆ, ಬಾಸಿಂಗ, ಸೆಹರಾ, ಹೂಗುಚ್ಛ, ಮಂಟಪದ ತೋರಣ ಇವೆಲ್ಲವೂ ಕೈಯ ಅಭ್ಯಾಸದಿಂದಲೇ ಬರತಕ್ಕವು. ಪೇಟೆಯಲ್ಲಿ ಹೂವನ್ನು ಚುಚ್ಚಿ ನಿಲ್ಲಿಸಲು ಉಪಯೋಗಿಸುವ ಹಸಿರು ನೊರೆಗಟ್ಟಿಯು ಮಣ್ಣಿನಲ್ಲಿ ಕರಗದೆ ಸಣ್ಣ ಪ್ಲಾಸ್ಟಿಕ್ ಪುಡಿಯಾಗಿ ಉಳಿಯುವದು. ಅದರ ಬದಲು ಬಾಳೆದಿಂಡು ಅಥವಾ ತಂತಿಯ ಜಾಳಿಗೆಯನ್ನು ಬಳಸುವದನ್ನು ಕಲಿಸತಕ್ಕದ್ದು.

(ಈ) ಲೆಕ್ಕ: ಹೂವಿನ ಅಂಗಡಿಗಳು ಮುಳುಗುವದು ಬಹುಮಟ್ಟಿಗೆ ಲೆಕ್ಕದ ದೋಷದಿಂದ. ಉದಾಹರಣಾರ್ಥವಾಗಿ, ಒಬ್ಬನು ಕಿಲೋಗೆ 60 ರೂಪಾಯಿಯಂತೆ 20 ಕಿಲೋ ಚೆಂಡು ಹೂವು ಕೊಂಡನೆಂದು ಭಾವಿಸಬೇಕು. ಹೂವಿಗೆ 1,200, ಸಾಗಣೆಗೆ 100, ದಾರಕ್ಕೆ 40, ಇಬ್ಬರ ಕೂಲಿಗೆ 800, ಒಟ್ಟು ಖರ್ಚು 2,140 ರೂಪಾಯಿ. ಆರಿಸುವಾಗ 3 ಕಿಲೋ ಕೆಟ್ಟುದು ಹೋಗಿ 17 ಕಿಲೋ ಉಳಿದು, ಕಿಲೋಗೆ 5ರಂತೆ 85 ಮಾಲೆಗಳಾದವು. ಒಂದು ಮಾಲೆಗೆ ಬಿದ್ದ ವೆಚ್ಚವು 25 ರೂಪಾಯಿಗೆ ಮೀರಿತು. ಸಂಜೆಗೆ 15 ಮಾಲೆ ಉಳಿದರೆ, ಮಾರಿದ 70 ಮಾಲೆಗಳೇ ಎಲ್ಲ ವೆಚ್ಚವನ್ನು ಹೊರಬೇಕು. ಆಗ ಮಾಲೆಗೆ 30 ರೂಪಾಯಿಯಂತೆ ಮಾರಿದರೂ ಬರುವದು 2,100 ಮಾತ್ರ. ದಿನದ ದುಡಿಮೆಯ ಕೊನೆಗೆ 40 ರೂಪಾಯಿ ಹಾನಿ. ಹೂವಿನ ಖರೀದಿ ದರವನ್ನಷ್ಟೇ ನೆನೆದು, ಒಂದು ಮಾಲೆಗೆ 12 ರೂಪಾಯಿಯ ಹೂವಿಗೆ 30 ಬಂದಿತೆಂದು ಹಿಗ್ಗುವವನಿಗೆ ಈ ಹಾನಿಯು ಕಾಣಿಸುವದೇ ಇಲ್ಲ. ಕೆಡುವ ಪ್ರಮಾಣ, ಉಳಿಯುವ ಪ್ರಮಾಣ ಎರಡನ್ನೂ ಬೆಲೆಯಲ್ಲಿ ಹಿಡಿಯುವದು, ದಿನದ ಕಿರ್ದಿ ಬರೆಯುವದು, ಉದ್ರಿಯನ್ನು ಮಿತಿಯಲ್ಲಿಡುವದು, ಮದುವೆಯ ಕೆಲಸಕ್ಕೆ ಮುಂಗಡವನ್ನು ಪಡೆಯುವದು, ಈ ನಾಲ್ಕು ಅಭ್ಯಾಸಗಳನ್ನು ಕಲಿಯದವನು ಅಂಗಡಿ ತೆರೆಯಬಾರದು.

3. ಎಲ್ಲಿ ಕಲಿಯಬೇಕು

ಹೊಸಬನಿಗೆ ಮೊದಲನೆಯ ಶಾಲೆಯು ಅನುಭವಿಕ ಹೂಗಾರನ ಅಂಗಡಿಯೇ. ಶ್ರಾವಣದಿಂದ ದೀಪಾವಳಿಯ ವರೆಗೆ ಒಂದು ಹಂಗಾಮು ಪೂರ್ತಿ ಅಲ್ಲಿ ಕೆಲಸ ಮಾಡಿದರೆ ಹೂವಿನ ಏರಿಳಿತವೆಲ್ಲವೂ ಕಣ್ಣಿಗೆ ಬೀಳುವದು. ತಿಕೋಟಾ, ಬಬಲೇಶ್ವರಗಳಿಂದ ವಿಜಯಪುರಕ್ಕೆ ತಾಸಿನೊಳಗಿನ ಹಾದಿಯಾದುದರಿಂದ ಮನೆಯಿಂದಲೇ ಹೋಗಿ ಬರಲು ಬರುವದು.

ಎರಡನೆಯದು ರುಡ್‌ಸೆಟ್ ಸಂಸ್ಥೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ಈ ಸಂಸ್ಥೆಯ ಶಾಖೆಯು ವಿಜಯಪುರದಲ್ಲಿಯೂ ಇದ್ದು, ಗ್ರಾಮೀಣ ಯುವಕ ಯುವತಿಯರಿಗೆ ಊಟ ವಸತಿ ಸಹಿತವಾಗಿ ಸ್ವ-ಉದ್ಯೋಗದ ಅಲ್ಪಾವಧಿ ತರಬೇತನ್ನು ಉಚಿತವಾಗಿ ಕೊಡುತ್ತದೆ. ಲೆಕ್ಕಪತ್ರ, ಬ್ಯಾಂಕ್ ವ್ಯವಹಾರಗಳ ಪರಿಚಯವು ಇಲ್ಲಿ ಆಗುವದು. ಯಾವ ತಿಂಗಳಲ್ಲಿ ಯಾವ ವಿಷಯದ ವರ್ಗ ನಡೆಯುವದೆಂಬದನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು.

ಮೂರನೆಯದು ಬೆಳೆಯ ವಿದ್ಯೆ. ತೋಟಗಾರಿಕೆ ಇಲಾಖೆಯು ರೈತರ ಮಕ್ಕಳಿಗಾಗಿ ಹತ್ತು ತಿಂಗಳ ತರಬೇತನ್ನು ತನ್ನ ಕೇಂದ್ರಗಳಲ್ಲಿ ನಡೆಸುತ್ತದೆ. ಹಿಟ್ನಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ಸಲಹೆಯು ದೊರೆಯುವದು. ಹೆಚ್ಚಿನ ವಿದ್ಯಾಭ್ಯಾಸವನ್ನು ಬಯಸುವವರಿಗೆ 2008ರಲ್ಲಿ ಸ್ಥಾಪಿತವಾದ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವು ಸಮೀಪದಲ್ಲಿಯೇ ಇದೆ.

ನಾಲ್ಕನೆಯದು 2023ರ ಸಪ್ಟೆಂಬರ್ 17ರಂದು ಆರಂಭವಾದ ಪ್ರಧಾನ ಮಂತ್ರಿ ವಿಶ್ವಕರ್ಮ ಯೋಜನೆ. ಇದರಲ್ಲಿ ಸೇರಿದ 18 ಕಸಬುಗಳಲ್ಲಿ ಮಾಲೆ ಕಟ್ಟುವವರ ಕಸಬೂ ಒಂದಾಗಿದೆ. ಐದರಿಂದ ಏಳು ದಿನಗಳ ಮೂಲ ತರಬೇತು, ಇಚ್ಛೆಯುಳ್ಳವರಿಗೆ ಹದಿನೈದು ದಿನಗಳ ಮೇಲ್ದರ್ಜೆಯ ತರಬೇತು, ಆ ಕಾಲದಲ್ಲಿ ದಿನಕ್ಕೆ 500 ರೂಪಾಯಿ ಭತ್ತೆ, ಉಪಕರಣಗಳಿಗೆ 15,000 ರೂಪಾಯಿಯ ವರೆಗೆ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದನ್ನು ಸರಿಯಾಗಿ ತೀರಿಸಿದವರಿಗೆ 2 ಲಕ್ಷ ರೂಪಾಯಿಯ ವರೆಗೆ ಜಾಮೀನಿಲ್ಲದ ಸಾಲ, ಇವು ಅದರ ಸೌಕರ್ಯಗಳು. 18 ವರ್ಷ ತುಂಬಿರಬೇಕು. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಸರಕಾರಿ ನೌಕರರ ಕುಟುಂಬಕ್ಕೆ ಇಲ್ಲ. ಇದು ಈಗಾಗಲೆ ಆ ಕಸಬಿನಲ್ಲಿ ಸ್ವಂತ ಕೈಯಿಂದ ದುಡಿಯುತ್ತಿರುವವರಿಗಾಗಿ ಏರ್ಪಟ್ಟುದೇ ಹೊರತು ಹೊಸದಾಗಿ ಹೂವಿನ ಅಂಗಡಿ ಹಾಕಬಯಸುವ ಭೂಮಾಲಕರಿಗಾಗಿ ಅಲ್ಲ.

4. ಅಂಗಡಿಗೆ ಬೇಕಾದಷ್ಟೇ ಬೆಳೆ

ಅಂಗಡಿಯ ಗಿರಾಕಿಯು ನಿಶ್ಚಿತವಾದ ಮೇಲೆ ಹೊಲದ ವಿಚಾರ. ಸುಮಾರು 600 ಮಿಲಿಮೀಟರ್ ಮಳೆಯ ಈ ಪ್ರದೇಶದಲ್ಲಿ ನೀರೇ ಬಂಡವಾಳ. ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದ ಕಡೆಗಳಲ್ಲಿಯೂ ಹನಿ ನೀರಾವರಿಯೇ ಯೋಗ್ಯ. ತಿಕೋಟಾದ ದ್ರಾಕ್ಷಿ ಬೆಳೆಗಾರರಿಗೆ ಅದರ ರೂಢಿ ಚೆನ್ನಾಗಿದೆ. ಎರೆಭೂಮಿಯಲ್ಲಿ ನೀರು ನಿಂತರೆ ಹೂಗಿಡದ ಬೇರು ಕೊಳೆಯುವದರಿಂದ ಏರುಮಡಿಗಳನ್ನು ಮಾಡಬೇಕು.

ಮೊದಲ ವರ್ಷ 10 ಗುಂಟೆಗೆ ಮೀರಬಾರದು. ಸಾಲಿನಿಂದ ಸಾಲಿಗೆ 60, ಗಿಡದಿಂದ ಗಿಡಕ್ಕೆ 45 ಸೆಂಟಿಮೀಟರ್ ಅಂತರದಲ್ಲಿ ನೆಟ್ಟರೆ 10 ಗುಂಟೆಗೆ ಸುಮಾರು 3,700 ಚೆಂಡು ಹೂವಿನ ಸಸಿಗಳು ಹಿಡಿಯುವವು. ಸಸಿಮಡಿಯಲ್ಲಿ ತಿಂಗಳು, ನೆಟ್ಟ ಮೇಲೆ ಎರಡು ತಿಂಗಳು ಎಂದು ಹಿಡಿದು, ಹಬ್ಬದಿಂದ ಹಿಂದಕ್ಕೆ 90 ದಿನ ಎಣಿಸಿ ಬೀಜ ಹಾಕಬೇಕು. ನೆಟ್ಟು ತಿಂಗಳಾದಾಗ ತುದಿಯನ್ನು ಚಿವುಟಿದರೆ ಕವಲುಗಳು ಹೆಚ್ಚುವವು. ಆದರೆ ಹೂವು ಕೆಲವು ದಿನ ತಡವಾಗುವದರಿಂದ ಆ ದಿನಗಳನ್ನೂ ಎಣಿಕೆಯಲ್ಲಿ ಸೇರಿಸಬೇಕು. ಎಲ್ಲ ಸಸಿಗಳನ್ನೂ ಒಂದೇ ದಿನ ನೆಡದೆ ಹದಿನೈದು ದಿನಗಳ ಅಂತರದಲ್ಲಿ ಮೂರು ಸಲ ನೆಟ್ಟರೆ ಅಂಗಡಿಗೆ ಸತತವಾಗಿ ಹೂವು ಒದಗುವದು. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಾದ ಸುಗಂಧರಾಜದ ‘ಪ್ರಜ್ವಲ್’ ಬಿಡಿಹೂವಿಗೂ ‘ಸುವಾಸಿನಿ’ ದಂಟಿನ ಹೂವಿಗೂ ಯೋಗ್ಯವಾಗಿವೆ. ಆಸ್ಟರಿನಲ್ಲಿ ‘ಕಾಮಿನಿ’, ‘ಪೂರ್ಣಿಮಾ’ ತಳಿಗಳುಂಟು.

ವಿಜಯಪುರದಲ್ಲಿ ಸಂಕ್ರಮಣದ ಶ್ರೀ ಸಿದ್ಧೇಶ್ವರ ಜಾತ್ರೆ, ಶ್ರಾವಣ, ಗಣೇಶ ಚತುರ್ಥಿ, ದಸರೆ, ದೀಪಾವಳಿ, ಲಗ್ನದ ತಿಂಗಳುಗಳು ಇವು ಬೇಡಿಕೆಯ ಕಾಲ. ಆಷಾಢದಲ್ಲಿಯೂ ಪಿತೃಪಕ್ಷದಲ್ಲಿಯೂ ಬೇಡಿಕೆ ಕುಗ್ಗುವದು. ಇದನ್ನು ಗಮನಿಸದೆ ನೆಟ್ಟ ಹೂವು ಗಿಡದಲ್ಲಿಯೇ ಒಣಗುವದು.

5. ಗ್ರಾಮ ಪ್ರಮುಖರ ಹೊಣೆ

ಮೇಲೆ ಹೇಳಿದ ವಿಶ್ವಕರ್ಮ ಯೋಜನೆಯ ಅರ್ಜಿಯನ್ನು ಸಾಮಾನ್ಯ ಸೇವಾ ಕೇಂದ್ರದಲ್ಲಿ ನೋಂದಿಸಿದ ಮೇಲೆ ಅದರ ಮೊದಲನೆಯ ಪರಿಶೀಲನೆಯು ಹಳ್ಳಿಗಳಲ್ಲಿ ಗ್ರಾಮ ಪಂಚಾಯತಿಯ ಹಂತದಲ್ಲಿಯೇ ನಡೆಯುವದು. ಜಿಲ್ಲೆಯ ಸಮಿತಿಯು ಅನಂತರ ನೋಡುವದು. ಅರ್ಜಿದಾರನು ನಿಜವಾಗಿ ಮಾಲೆ ಕಟ್ಟುವವನೋ ಅಲ್ಲವೋ ಎಂಬದು ಊರಿನ ಹಿರಿಯರಿಗೆ ತಿಳಿದಷ್ಟು ಬೇರಾರಿಗೂ ತಿಳಿಯದು. ದಾಕ್ಷಿಣ್ಯಕ್ಕೊಳಗಾಗಿ ಸೂಜಿ ಹಿಡಿಯದವನ ಅರ್ಜಿಗೆ ಒಪ್ಪಿಗೆ ಕೊಡುವದೂ, ನಸುಕಿನಲ್ಲೆದ್ದು ಪತ್ರಿ ತರುವ ಬಡ ಹೂಗಾರ್ತಿಯ ಅರ್ಜಿಯನ್ನು ತಿಂಗಳುಗಟ್ಟಲೆ ತಡೆದಿಡುವದೂ ಒಂದೇ ತೂಕದ ಅನ್ಯಾಯವಾಗಿವೆ. ಓದು ಬಾರದವರಿಗೆ ಅರ್ಜಿ ತುಂಬಲು ನೆರವಾಗುವದು ಪ್ರಮುಖರ ಕರ್ತವ್ಯ.

ಎರಡನೆಯದಾಗಿ, ಹಳೆಯ ಹೂಗಾರರಿಗೂ ಹೊಸ ಕಲಿಕೆಯವರಿಗೂ ವೈರವುಂಟಾಗದಂತೆ ನೋಡಿಕೊಳ್ಳಬೇಕು. ಭೂಮಿಯೂ ಹಣವೂ ಉಳ್ಳವನು ಪೇಟೆಗಿಳಿದರೆ ಕೈವಿದ್ಯೆಯೊಂದೇ ಆಸ್ತಿಯಾಗಿರುವವನು ಬೀದಿಗೆ ಬೀಳುವ ಸಂಭವವುಂಟು. ಭೂಮಾಲಕನು ಹೂವು ಬೆಳೆದು ಊರಿನ ಹೂಗಾರನಿಗೆ ನಿಶ್ಚಿತ ದರದಲ್ಲಿ ಒದಗಿಸುವದು, ಹೂಗಾರನು ಆತನ ಮಕ್ಕಳಿಗೆ ಕೈಗೆಲಸ ಕಲಿಸುವದು, ಕಲಿಸಿದ ದಿನಗಳಿಗೆ ಗುರುವಿಗೆ ರೋಖು ಸಂಬಳ ಕೊಡುವದು, ಹೀಗೆ ಕರಾರು ಮಾಡಿಕೊಂಡರೆ ಇಬ್ಬರಿಗೂ ಹಿತ. ಹೆಣ್ಣುಮಕ್ಕಳು ಮನೆಯಲ್ಲಿ ಕುಳಿತು ಕಟ್ಟಿದ ಮಾಲೆಗೂ ಮೊಳದ ಲೆಕ್ಕದಲ್ಲಿ ಕೂಲಿ ಸಲ್ಲಬೇಕು.

ಮೂರನೆಯದಾಗಿ, ಒಂದು ಊರಿನಲ್ಲಿ ಒಬ್ಬನಿಗೆ ಲಾಭವಾಯಿತೆಂದು ಮರುವರ್ಷ ಊರೆಲ್ಲ ಚೆಂಡು ಹೂವನ್ನೇ ನೆಡುವ ರೂಢಿಯನ್ನು ತಡೆಯಬೇಕು. ನೆಡುವ ಮುಂಚೆ ಬೆಳೆಗಾರರನ್ನು ಕೂಡಿಸಿ, ಯಾರು ಯಾವ ಹೂವನ್ನು ಎಷ್ಟು ಗುಂಟೆ, ಯಾವ ವಾರದಲ್ಲಿ ನೆಡಬೇಕೆಂದು ಗೊತ್ತು ಮಾಡಿ, ನಸುಕಿನಲ್ಲಿ ಒಂದೇ ವಾಹನದಲ್ಲಿ ಪೇಟೆಗೆ ಕಳಿಸಿದರೆ ಸಾಗಣೆಯ ವೆಚ್ಚವೂ ಉಳಿಯುವದು, ದರವೂ ನಿಲ್ಲುವದು.

ಒಂದು ಹಂಗಾಮಿನ ಕಲಿಕೆ, ಒಂದು ವರ್ಷದ ಕಿರ್ದಿ, 10 ಗುಂಟೆಯ ಬೆಳೆ, ಈ ಮೂರನ್ನು ಮುಗಿಸಿದ ಯುವಕನಾಗಲಿ ಯುವತಿಯಾಗಲಿ ತನ್ನ ಊರನ್ನು ಬಿಡದೆ ಬಾಳುವ ಮಾರ್ಗವನ್ನು ಪಡೆಯಬಹುದು. ಬರುವ ಶ್ರಾವಣದ ಮುಂಚೆ ಪ್ರತಿಯೊಂದು ಊರಿನ ಹಿರಿಯರು ಇಂಥ ಒಬ್ಬಿಬ್ಬರನ್ನಾದರೂ ಆರಿಸಿ ತರಬೇತಿಗೆ ಕಳಿಸುವದು ಉಚಿತವಾಗಿದೆ.