ಕಾಡಿನ ಹಣ್ಣು ಎಲ್ಲರದು

ಅಕ್ಕಂದಿರೇ, ನಮಗೆ ಬೇಸಿಗೆ ಅಂದ್ರೆ ಉರಿಬಿಸಿಲು. ಯಾವಾಗ ಮಳೆ ಬರುತ್ತೋ ಅಂತ ಕಾಯುತ್ತೇವೆ. ಆದರೆ ಬೇಸಿಗೆ ಯಾವಾಗ ಬರುತ್ತೋ ಅಂತ ಕಾಯುವ ಜನರೂ ಇದ್ದಾರೆ. ಅವರು ಫಿನ್‌ಲೆಂಡ್ ದೇಶದವರು.

ಫಿನ್‌ಲೆಂಡ್ ಯುರೋಪಿನ ಉತ್ತರದಲ್ಲಿದೆ. ಅಲ್ಲಿ ಸುಮಾರು 56 ಲಕ್ಷ ಜನರಿದ್ದಾರೆ. ದೊಡ್ಡವು ಚಿಕ್ಕವು ಸೇರಿ ಸುಮಾರು 1 ಲಕ್ಷ 88 ಸಾವಿರ ಸರೋವರಗಳಿವೆ. ನೆಲದ ಸುಮಾರು ಮುಕ್ಕಾಲು ಪಾಲು ಕಾಡು.

ದೇಶದ ಉತ್ತರ ತುದಿಯಲ್ಲಿ ಚಳಿಗಾಲದ ಸುಮಾರು 50 ದಿನ ಸೂರ್ಯ ಹುಟ್ಟುವುದೇ ಇಲ್ಲ. ಬೇಸಿಗೆಯಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ಮುಳುಗುವುದೇ ಇಲ್ಲ. ನಡುರಾತ್ರಿಯಲ್ಲೂ ಬೆಳಕು!

ಜೂನ್ ತಿಂಗಳಲ್ಲಿ ಅವರಿಗೆ ದೊಡ್ಡ ಹಬ್ಬ. ಅದರ ಹೆಸರು ಯುಹಾನ್ನುಸ್. 20ರಿಂದ 26ರ ಒಳಗೆ ಬರುವ ಶನಿವಾರ ಈ ಹಬ್ಬ. ಪೇಟೆಯ ಜನ ಸರೋವರದ ದಡದ ಚಿಕ್ಕ ಮನೆಗಳಿಗೆ ಹೋಗುತ್ತಾರೆ. ಬಾಗಿಲ ಎರಡೂ ಬದಿಗೆ ಬರ್ಚ್ ಎಂಬ ಮರದ ಹಸಿರು ಕೊಂಬೆ ನಿಲ್ಲಿಸುತ್ತಾರೆ. ಸೌನಾ ಎಂಬ ಕೋಣೆಯಲ್ಲಿ ಕಾದ ಕಲ್ಲಿಗೆ ನೀರು ಹಾಕಿ ಹಬೆ ಎಬ್ಬಿಸುತ್ತಾರೆ. ಮೈ ಬೆವರಿದ ಮೇಲೆ ಸರೋವರಕ್ಕೆ ಇಳಿಯುತ್ತಾರೆ. ದಡದಲ್ಲಿ ದೊಡ್ಡ ಬೆಂಕಿ ಹಾಕುತ್ತಾರೆ. ಹುಡುಗಿಯರು 7 ಬಗೆಯ ಹೂ ಕಿತ್ತು ದಿಂಬಿನ ಕೆಳಗೆ ಇಡುತ್ತಾರೆ. ಮದುವೆಯಾಗುವ ಗಂಡು ಕನಸಲ್ಲಿ ಕಾಣ್ತಾನೆ ಅಂತ ಹಳೇ ನಂಬಿಕೆ.

ಜುಲೈ ಹೊತ್ತಿಗೆ ಕಾಡಿನಲ್ಲಿ ಸಣ್ಣ ನೀಲಿ ಹಣ್ಣು ಮಾಗುತ್ತವೆ. ಜನ ಬುಟ್ಟಿ ಹಿಡಿದು ಹೊರಡುತ್ತಾರೆ. ಎಷ್ಟೋ ಕಾಡು ಖಾಸಗಿಯವರದು. ಆದರೂ ಯಾರು ಬೇಕಾದರೂ ಒಳಗೆ ನಡೆದು ಹೋಗಬಹುದು. ಹಣ್ಣು, ಅಣಬೆ ತರಬಹುದು. ಯಾರ ಅಪ್ಪಣೆಯೂ ಬೇಡ, ಹಣವೂ ಬೇಡ. ತಂದದ್ದನ್ನು ಮಾರಬಹುದು. ಆ ಹಣಕ್ಕೆ ತೆರಿಗೆಯೂ ಇಲ್ಲ. ಬಡವರಿಗೂ ಬಲ್ಲಿದರಿಗೂ ಇದು ಒಂದೇ. ಇದನ್ನು ಅವರು ‘ಎಲ್ಲರ ಹಕ್ಕು’ ಎನ್ನುತ್ತಾರೆ.

ಹಕ್ಕಿನ ಜೊತೆಗೆ ಕಟ್ಟುಪಾಡೂ ಇದೆ. ಇನ್ನೊಬ್ಬರ ಮನೆಯಂಗಳಕ್ಕೆ, ಬೆಳೆ ಇರುವ ಹೊಲಕ್ಕೆ ಹೋಗುವಂತಿಲ್ಲ. ಕಸ ಎಸೆಯುವಂತಿಲ್ಲ. ಮರದ ಒಂದು ರೆಂಬೆಯನ್ನೂ ಮುರಿಯುವಂತಿಲ್ಲ. ಬಾಗಿಲಿಗೆ ಇಡುವ ಹಬ್ಬದ ಕೊಂಬೆಗೂ ಮರದ ಒಡೆಯರನ್ನು ಕೇಳಲೇಬೇಕು. ಬೆಂಕಿ ಹಾಕಲೂ ನೆಲದ ಒಡೆಯರ ಒಪ್ಪಿಗೆ ಬೇಕು. ಕಾಡು ಒಣಗಿ ಕಾಡ್ಗಿಚ್ಚಿನ ಎಚ್ಚರಿಕೆ ಬಂತು ಅನ್ನಿ. ಆಗ ಹಬ್ಬದ ಬೆಂಕಿಯೂ ಇಲ್ಲ.

ಹಣ್ಣು ಬಿಡಿಸಿಕೊಂಡರೆ ಗಿಡ ಮುಂದಿನ ವರ್ಷ ಮತ್ತೆ ಹಣ್ಣು ಕೊಡುತ್ತದೆ. ಗಿಡವನ್ನೇ ಮುರಿದರೆ ಯಾರಿಗೂ ಇಲ್ಲ. ಕಾಡಿನಲ್ಲಿ ಎಲ್ಲರಿಗೂ ಪಾಲಿದೆ. ಕಾಯುವ ಕೆಲಸದಲ್ಲೂ ಎಲ್ಲರಿಗೂ ಪಾಲಿದೆ.

ಓದಿ, ಕೂಡಿ ಮಾತಾಡೋಣ:
1. ಫಿನ್‌ಲೆಂಡಿನ ಜನ ಬೇಸಿಗೆಗಾಗಿ ಏಕೆ ಕಾಯುತ್ತಾರೆ?
2. ಕಾಡಿನಿಂದ ಕೇಳದೆ ಏನು ತರಬಹುದು? ಕೇಳಿಯೇ ಏನು ತರಬೇಕು?
3. ಹಕ್ಕಿನ ಜೊತೆ ಕಟ್ಟುಪಾಡು ಏಕೆ ಬೇಕು?