ಹಲ್ಲುನೋವು ಮತ್ತು ಚೀಟಿ ಕೌಂಟರ್

ನಮ್ಮ ವಿಜ್ಞಾನ ವಿಭಾಗದ ಕೆಲವರು ನೀಟ್ ಬರೆದು ಬಿಡಿಎಸ್ ಸೇರುವ ಆಸೆ ಇಟ್ಟುಕೊಂಡಿದ್ದೀರಿ. ಈ ಪಾಠ ಮುಖ್ಯವಾಗಿ ನಿಮಗೆ. ಹಲ್ಲಿನಿಂದಲೇ ಆರಂಭಿಸುತ್ತೇನೆ.

ಹಲ್ಲಿನ ಹೊರಕವಚವಾದ ಎನಾಮೆಲ್ ನಮ್ಮ ದೇಹದ ಅತ್ಯಂತ ಗಟ್ಟಿ ವಸ್ತು. ಆದರೆ ಅದರಲ್ಲಿ ಜೀವಕೋಶಗಳಿಲ್ಲ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ತೂತಾದ ಎನಾಮೆಲ್ ಮುಚ್ಚಿಕೊಳ್ಳುವುದಿಲ್ಲ. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯಿಂದ ಆಮ್ಲ ತಯಾರಿಸಿ ಅದನ್ನು ಕರಗಿಸುತ್ತವೆ. ಈ ಹಂತದಲ್ಲಿ ನೋವು ಇರುವುದಿಲ್ಲ. ಹುಳುಕು ಒಳಗಿನ ಡೆಂಟಿನ್ ತಲುಪಿದರೆ ತಣ್ಣೀರಿಗೆ ಹಲ್ಲು ಜುಮ್ಮೆನ್ನುತ್ತದೆ. ನರ ಮತ್ತು ರಕ್ತನಾಳಗಳಿರುವ ಪಲ್ಪ್ ತಲುಪಿದರೆ ರಾತ್ರಿ ನಿದ್ದೆ ಇಲ್ಲ. ಮೊದಲು ಬಂದವರಿಗೆ ಫಿಲ್ಲಿಂಗ್ ಸಾಕು. ತಡವಾದರೆ ರೂಟ್ ಕೆನಾಲ್, ಅದಕ್ಕೆ ಹಣವಿಲ್ಲದಿದ್ದರೆ ಹಲ್ಲು ಕೀಳಿಸುವುದೇ ದಾರಿ.

ಬಡವರೆಲ್ಲರಿಗೂ ಹೀಗೆ ತಡವಾಗುತ್ತದೆ. ಲಿಂಗತ್ವ ಅಲ್ಪಸಂಖ್ಯಾತರಿಗೆ ಹಣದ ಜೊತೆ ಇನ್ನೊಂದು ಅಡ್ಡಿಯೂ ಇದೆ. 2011ರ ಜನಗಣತಿಯಲ್ಲಿ ಲಿಂಗದ ಕಾಲಂನಲ್ಲಿ ‘ಇತರೆ’ ಎಂದು ದಾಖಲಾದವರು ದೇಶದಲ್ಲಿ 4,87,803 ಮಂದಿ, ಕರ್ನಾಟಕದಲ್ಲಿ 20,266 ಮಂದಿ. ಹೇಳಿಕೊಳ್ಳಲು ಅಂಜಿದವರು ಈ ಲೆಕ್ಕಕ್ಕೆ ಸಿಕ್ಕಿಲ್ಲ.

ಒಮ್ಮೆ ಅಮ್ಮನ ಜೊತೆ ಹಲ್ಲಿನ ಆಸ್ಪತ್ರೆಯೊಂದರಲ್ಲಿ ಕೂತಿದ್ದೆ. ಸೀರೆಯುಟ್ಟ, ಕೆನ್ನೆ ಊದಿದ್ದ ಒಬ್ಬರು ಕೌಂಟರ್‌ನಲ್ಲಿ ಆಧಾರ್ ಕೊಟ್ಟರು. ಅದರಲ್ಲಿ ಗಂಡಸಿನ ಹೆಸರಿತ್ತು. ಸಿಬ್ಬಂದಿ ಎರಡು ಸಲ ಮುಖ ನೋಡಿ ಆ ಹೆಸರನ್ನು ಗಟ್ಟಿಯಾಗಿ ಓದಿದರು. ಸಾಲಿನಲ್ಲಿ ನಗು ಎದ್ದಿತು. ಅವರು ಚೀಟಿ ತೆಗೆದುಕೊಳ್ಳದೆ ಹೊರಟುಹೋದರು. ಚಿಕಿತ್ಸೆ ಇಲ್ಲ ಎಂದು ಅಲ್ಲಿ ಯಾರೂ ಹೇಳಿರಲಿಲ್ಲ!

ಹೀಗೆ ಹೊರಟವರಿಗೆ ಉಳಿಯುವುದು ಮೆಡಿಕಲ್ ಶಾಪಿನ ಮಾತ್ರೆ. ಮಾತ್ರೆ ನೋವು ತಗ್ಗಿಸುತ್ತದೆಯೇ ಹೊರತು ಹುಳುಕನ್ನು ನಿಲ್ಲಿಸುವುದಿಲ್ಲ. ಕೆಲವು ದಿನಗಳಲ್ಲಿ ಪಲ್ಪ್ ಸತ್ತು ನೋವು ತಾನಾಗಿಯೇ ನಿಲ್ಲಬಹುದು. ವಾಸಿಯಾಯಿತು ಎಂದುಕೊಳ್ಳುತ್ತಾರೆ. ಬೇರಿನ ತುದಿಯಲ್ಲಿ ಕೀವು ಕಟ್ಟುತ್ತಿರುತ್ತದೆ.

ಎಚ್‌ಐವಿ ಇರಬಹುದು ಎಂಬ ಗುಮಾನಿ ಇನ್ನೊಂದು ತೊಡಕು. ಇದಕ್ಕೆ ಉತ್ತರ ನಿಮ್ಮ ಪಠ್ಯದಲ್ಲೇ ಇದೆ. ಎಚ್‌ಐವಿ ಜೊಲ್ಲಿನಿಂದ ಹರಡುವುದಿಲ್ಲ. ಉಪಕರಣಗಳನ್ನು ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ ಇಟ್ಟರೆ ವೈರಸ್ ಉಳಿಯುವುದಿಲ್ಲ. ಕೈಗವಸು, ಮಾಸ್ಕ್, ಆಟೋಕ್ಲೇವ್ ಎಲ್ಲ ರೋಗಿಗೂ ಒಂದೇ, ಮುಖ ನೋಡಿ ಬದಲಾಗುವಂಥದ್ದಲ್ಲ. ಎಚ್‌ಐವಿ ಇದೆ ಎಂದೇ ಇಟ್ಟುಕೊಂಡರೂ ಆ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದನ್ನು 2017ರ ಕಾಯ್ದೆ ನಿಷೇಧಿಸಿದೆ.

ಕಾನೂನಿನ ಮಾತು ಚಿಕ್ಕದಾಗಿ: 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಇವರನ್ನು ತೃತೀಯ ಲಿಂಗವೆಂದು ಗುರುತಿಸಿತು. 2019ರ ಕಾಯ್ದೆ ಆರೋಗ್ಯ ಸೇವೆಯಲ್ಲಿ ತಾರತಮ್ಯ ಕೂಡದು ಎನ್ನುತ್ತದೆ. ಅದರಡಿ ಜಿಲ್ಲಾಧಿಕಾರಿಯಿಂದ ಗುರುತಿನ ಪ್ರಮಾಣಪತ್ರ ಪಡೆದು ದಾಖಲೆಗಳಲ್ಲಿ ಹೆಸರು ಬದಲಿಸಿಕೊಳ್ಳಬಹುದು. ಆದರೆ ಹಲ್ಲು ಅಲ್ಲಿಯವರೆಗೆ ಕಾಯುವುದಿಲ್ಲ.

ಆದ್ದರಿಂದ ಕೌಂಟರ್‌ನಲ್ಲಿ ಆಗಬೇಕಾದ ಕೆಲಸ ಬೇರೆ ಇದೆ. ನಿಮ್ಮನ್ನು ಏನೆಂದು ಕರೆಯಲಿ ಎಂದು ಮೆಲ್ಲಗೆ ಕೇಳಿ ಚೀಟಿಯಲ್ಲಿ ಬರೆದುಕೊಳ್ಳಬಹುದು. ಹೆಸರು ಕೂಗುವ ಬದಲು ಬ್ಯಾಂಕಿನಂತೆ ಟೋಕನ್ ಸಂಖ್ಯೆ ಕೂಗಬಹುದು. ಇದಕ್ಕೆ ಸರ್ಕಾರದ ಆದೇಶವಾಗಲಿ ಹಣವಾಗಲಿ ಬೇಕಿಲ್ಲ. ದಂತ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಕಡಿಮೆ ಶುಲ್ಕಕ್ಕೆ ರೋಗಿಗಳನ್ನು ನೋಡುವವರಲ್ಲಿ ಬಿಡಿಎಸ್ ವಿದ್ಯಾರ್ಥಿಗಳೂ ಇರುತ್ತಾರೆ. ಕೆಲವೇ ವರ್ಷಗಳಲ್ಲಿ ಅಲ್ಲಿರುವವರು ನೀವೇ.

ಹಲ್ಲಿನ ಅಡ್ಡಸೀಳಿಕೆಯ ಮಾದರಿಯನ್ನು ಈ ವಾರ ಜೀವಶಾಸ್ತ್ರ ಪ್ರಯೋಗಾಲಯದ ಮೇಜಿನ ಮೇಲೆ ಇಟ್ಟಿರುತ್ತೇನೆ. ಕಲಾ, ವಾಣಿಜ್ಯ ವಿಭಾಗದವರೂ ಬಂದು ನೋಡಿ.