ಕಾಣೆಯಾದ ವ್ಯವಸ್ಥಾ ಕಡತ: ಗಣಕಯಂತ್ರ ಬಳಕೆದಾರರಿಗೆ ತಿಳಿವಳಿಕೆ

2024ರ ಜುಲೈ 19ರಂದು ಹೈದರಾಬಾದಿನ ರಾಜೀವ್ ಗಾಂಧಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದು ಕೊಡಬೇಕಾಯಿತು. ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ರಕ್ಷಣಾ ತಂತ್ರಾಂಶದ ಒಂದು ದೋಷಯುಕ್ತ ಕಡತದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಗಣಕಯಂತ್ರಗಳು ಸ್ಥಗಿತಗೊಂಡಿದ್ದವು. ಯಂತ್ರವನ್ನು ‘ಸೇಫ್ ಮೋಡ್’ ಸ್ಥಿತಿಯಲ್ಲಿ ತೆರೆದು ಆ ಕಡತವನ್ನು ಅಳಿಸುವುದೇ ಪರಿಹಾರವಾಗಿತ್ತು. ಡಿಸ್ಕಿನಲ್ಲಿದ್ದ ದಾಖಲೆಗಳನ್ನು ಅಳಿಸುವ ಅಗತ್ಯವಿರಲಿಲ್ಲ.

ಮನೆಯ ಗಣಕಯಂತ್ರದಲ್ಲಿ ‘ಡಿ.ಎಲ್.ಎಲ್. ಕಡತ ದೊರೆಯಲಿಲ್ಲ’ ಎಂಬ ಸಂದೇಶ ಕಂಡಾಗಲೂ ಗಾಬರಿಪಡಬೇಕಾಗಿಲ್ಲ. ಡಿ.ಎಲ್.ಎಲ್. ಎಂಬುದು ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಕಡತ. ತಂತ್ರಾಂಶವೊಂದನ್ನು ಅರ್ಧಕ್ಕೆ ತೆಗೆದುಹಾಕಿದಾಗ, ಡಿಸ್ಕ್ ದುರ್ಬಲವಾದಾಗ ಅಥವಾ ವೈರಸ್ ತಗುಲಿದಾಗ ಅದು ಕಾಣೆಯಾಗಬಹುದು.

ಅನುಸರಿಸಬೇಕಾದ ಕ್ರಮ:

1. ಸಂದೇಶದಲ್ಲಿರುವ ಕಡತದ ಹೆಸರನ್ನು ಬರೆದುಕೊಳ್ಳಿ. ಮುಖ್ಯ ದಾಖಲೆಗಳ ಪ್ರತಿಯನ್ನು ಪೆನ್ ಡ್ರೈವಿನಲ್ಲಿ ಇರಿಸಿ.

2. ಒಂದೇ ತಂತ್ರಾಂಶವನ್ನು ತೆರೆಯುವಾಗ ಮಾತ್ರ ಸಂದೇಶ ಬರುತ್ತಿದ್ದರೆ ಮೊದಲು ರೀಸೈಕಲ್ ಬಿನ್ನಿನಲ್ಲಿ ಹುಡುಕಿ. ಸಿಗದಿದ್ದರೆ ಆ ತಂತ್ರಾಂಶವನ್ನು ತಯಾರಕರ ತಾಣದಿಂದಲೇ ಪಡೆದು ಪುನಃ ಅಳವಡಿಸಿ.

3. ದೋಷ ವಿಂಡೋಸಿನದೇ ಆಗಿದ್ದರೆ ‘ಕಮಾಂಡ್ ಪ್ರಾಂಪ್ಟ್’ಅನ್ನು ಅಡ್ಮಿನಿಸ್ಟ್ರೇಟರ್ ಅಧಿಕಾರದಿಂದ ತೆರೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲಿ ‘ಎಸ್‌ಎಫ್‌ಸಿ’, ಒಂದು ತೆರಪು, ಓರೆಗೆರೆ, ಅದಕ್ಕೆ ಹೊಂದಿಕೊಂಡಂತೆ ‘ಸ್ಕ್ಯಾನ್‌ನೌ’ ಎಂದು ಬರೆದು ಎಂಟರ್ ಒತ್ತಿರಿ. ಕೆಟ್ಟ ಅಥವಾ ಕಾಣೆಯಾದ ವ್ಯವಸ್ಥಾ ಕಡತಗಳ ಜಾಗದಲ್ಲಿ ವಿಂಡೋಸ್ ತಾನೇ ಕಾಪಿಟ್ಟ ಪ್ರತಿಯನ್ನು ಇರಿಸುತ್ತದೆ. ಈ ಕೆಲಸ ಮುಗಿಯುವವರೆಗೆ ಯಂತ್ರವನ್ನು ಆರಿಸಬಾರದು.

4. ಆ ಪ್ರತಿಯೂ ಕೆಟ್ಟಿದ್ದರೆ ‘ಡಿಐಎಸ್‌ಎಂ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್’ ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ನೀಡಿ. ಸಾಮಾನ್ಯವಾಗಿ ಇದಕ್ಕೆ ಅಂತರಜಾಲ ಸಂಪರ್ಕ ಬೇಕು. ಬಳಿಕ ಮೂರನೆಯ ಕ್ರಮವನ್ನು ಪುನರಾವರ್ತಿಸಿ.

ಕಾಣೆಯಾದ ಕಡತವನ್ನು ಅಪರಿಚಿತ ತಾಣಗಳಿಂದ ಬಿಡಿಯಾಗಿ ಇಳಿಸಿಕೊಳ್ಳಬಾರದು. ಅದೇ ಹೆಸರಿನ ವೇಷದಲ್ಲಿ ವೈರಸ್ ಒಳಹೊಕ್ಕು ಬ್ಯಾಂಕ್ ಖಾತೆಯ ಗುಪ್ತಪದವನ್ನು ಕದಿಯಬಹುದು. 2024ರ ಜುಲೈ ಅವಾಂತರದ ಬೆನ್ನಿಗೇ ದುರಸ್ತಿಯ ಸೋಗಿನಲ್ಲಿ ವಂಚಕರು ಕಾಣಿಸಿಕೊಂಡಾಗ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ಎಚ್ಚರಿಕೆ ನೀಡಿತು. ಪರದೆಯ ಮೇಲೆ ಹಠಾತ್ತನೆ ಮೂಡುವ ದೂರವಾಣಿ ಸಂಖ್ಯೆಗೆ ಕರೆ ಮಾಡುವುದಾಗಲಿ, ಒ.ಟಿ.ಪಿ. ತಿಳಿಸುವುದಾಗಲಿ ಸಲ್ಲದು. ಹಣ ಕಳೆದುಕೊಂಡಲ್ಲಿ ತಡಮಾಡದೆ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ತಿಳಿಸತಕ್ಕದ್ದು.